ಹಿಂದಿನ ಹತ್ತು ರಾತ್ರಿ ಎಲ್ಲಿದ್ದಿರಿ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಆರೋಗ್ಯ ಸೇವೆಯಲ್ಲಿ ಹೆಸರು ಮಾಡಿದವರು ಅನೇಕರು. ಆದರೆ ರೋಗಾಣುವಿನ ನಡಿಗೆಯನ್ನೇ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹಿಡಿದಿಟ್ಟವರು ಪ್ರಯೋಗಶಾಲಾ ತಂತ್ರಜ್ಞ ಶ್ರೀ ಹಜರತಸಾಬ ನದಾಫ ಅವರೊಬ್ಬರೇ. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಯರಗಟ್ಟಿಯ ಆಸ್ಪತ್ರೆಯಲ್ಲಿ ಅವರ ಪಕ್ಕದ ಮೇಜಿನ ಕಂಪ್ಯೂಟರ್ ನೋಡಿಕೊಳ್ಳುವ ಉಮಾಶ್ರೀಗೆ ಅವರನ್ನು ನೆನೆದರೆ ಇಂದಿಗೂ ಮೈ ನವಿರೇಳುತ್ತದೆ.

ಸಂಪಗಾಂವದಲ್ಲಿ ಮಲೇರಿಯಾ ರಕ್ತ ಪರೀಕ್ಷಿಸುತ್ತಿದ್ದ ದಿನಗಳಲ್ಲೇ ಅವರಿಗೊಂದು ರೂಢಿ ಬೆಳೆಯಿತು. ಸೊಳ್ಳೆ ಕಚ್ಚುವುದು ಮಲಗಿದಲ್ಲಿ. ಆದ್ದರಿಂದ ಬಂದವರಿಗೆಲ್ಲ ಹಿಂದಿನ ಹತ್ತು ರಾತ್ರಿ ಎಲ್ಲಿ ಮಲಗಿದ್ದಿರೆಂದು ಕೇಳಿ ಬರೆದುಕೊಳ್ಳುತ್ತಿದ್ದರು. ಹೆಣ್ಣು ನೋಡಲು ಬಂದ ಬೀಗರೂ ಇಷ್ಟು ವಿಚಾರಿಸುವುದಿಲ್ಲವೆಂದು ಜೊತೆಯವರು ನಗುತ್ತಿದ್ದರು. ಕೊರೊನಾ ಬಂದಾಗಲೂ ಅವರು ಆ ಪ್ರಶ್ನೆ ಬಿಡಲಿಲ್ಲ.

ಎರಡು ಸಾವಿರದ ಇಪ್ಪತ್ತೊಂದರ ಏಪ್ರಿಲ್‌ನಲ್ಲಿ, ಬೆಂಗಳೂರಿಗೆ ಕಳಿಸಿದ್ದ ಹನ್ನೊಂದು ಮಾದರಿಗಳ ತಳಿ ಪರೀಕ್ಷೆಯ ವರದಿ ಬಂತು. ಏಳು ಹಳೆಯ ತಳಿ. ನಾಲ್ಕು, ಮುಂದೆ ಡೆಲ್ಟಾ ಎಂದು ಹೆಸರಾದ ಹೊಸದು. ಕಂಪ್ಯೂಟರಿನ ನಮೂನೆಯ ಊರಿನ ಕಾಲಂನಲ್ಲಿ ಉಮಾಶ್ರೀ ಎಲ್ಲದಕ್ಕೂ ಮಾದರಿ ತೆಗೆದ ಯರಗಟ್ಟಿಯನ್ನೇ ತುಂಬಿದ್ದಳು. ಹೊಸ ತಳಿ ಯರಗಟ್ಟಿಯಲ್ಲೇ ಎದ್ದಿದೆ ಎಂದು ಮೇಲಿನವರು ಪೇಟೆ ಮುಚ್ಚಿಸಲು ಹೊರಟರು.

ನದಾಫರು ನೋಟ್‌ಬುಕ್ ಬಿಚ್ಚಿದರು. ಆ ನಾಲ್ವರೂ ರಾಜ್ಯದ ಗಡಿಯಾಚೆ ದ್ರಾಕ್ಷಿ ಕೊಯ್ದು ಬಂದವರು. ಕೊನೆಯ ಮೂರು ರಾತ್ರಿ ಮಲಗಿದ್ದು ರಾಮದುರ್ಗ ರಸ್ತೆಯ ಒಂದೇ ಹಳ್ಳಿಯಲ್ಲಿ. ಅದು ಉಮಾಶ್ರೀಯ ತವರೂರು. ಮರುದಿನವೇ ಅಲ್ಲಿ ಅವಳ ತಾಯಿ ಕೆಂಚವ್ವ ಮಗನ ಕಡೆಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವವಳಿದ್ದಳು. ಇನ್ನೂರು ಜನಕ್ಕೆ ಹೇಳಿಕೆ ಹೋಗಿತ್ತು.

ತನ್ನ ತಪ್ಪಿಗೆ ಅವಳು ಅಳತೊಡಗಿದಾಗ ನದಾಫರು ಗದರಲಿಲ್ಲ. "ಮನುಷ್ಯಾ ಎಲ್ಲಿ ನಿಂತಾನ ಅನ್ನೂದು ಕಾಲಂನ್ಯಾಗ ಐತಿ, ಎಲ್ಲಿಂದ ಬಂದಾನ ಅನ್ನೂದು ಇಲ್ಲ. ತಪ್ಪು ಕಾಲಮ್ಮಿಂದು, ತಂಗಿ. ಮೊದ್ಲ ಅವ್ವಗ ಫೋನ್ ಹಚ್ಚು," ಎಂದರು. ಮೇಲಿನವರಿಗೂ ಹಾಗೆಯೇ ಬರೆದರು. ಅವಳ ಹೆಸರು ಎಲ್ಲಿಯೂ ಬರಲಿಲ್ಲ.

ತೊಟ್ಟಿಲ ಕಾರ್ಯ ನಿಂತಿತು, ಊರಿನವರು ಆಡಿಕೊಂಡರು. ಎರಡೇ ವಾರದಲ್ಲಿ ಆ ನಾಲ್ವರು ಮಲಗಿದ್ದ ಓಣಿಯ ಆರು ಮನೆಗಳಲ್ಲಿ ಜ್ವರ ಕಾಣಿಸಿತು, ಇಬ್ಬರು ಹಿರಿಯರು ತೀರಿಕೊಂಡರು. ಆಮೇಲೆ ಯಾರೂ ಆಡಿಕೊಳ್ಳಲಿಲ್ಲ. ಮುಂದಿನ ವರದಿಗಳಲ್ಲಿ ಹಳೆಯ ತಳಿ ಮೊದಲು ಮುರಗೋಡದಲ್ಲಿ ಇಲ್ಲವಾಯಿತು, ಆಮೇಲೆ ಕಿತ್ತೂರಿನಲ್ಲಿ, ಕೊನೆಗೆ ಎಲ್ಲಿಯೂ ಉಳಿಯಲಿಲ್ಲ. ಬೇಗ ಚಿಗುರಿದ ಕಳೆ ಹೊಲವನ್ನೆಲ್ಲ ಆವರಿಸುವಂತೆ, ಹೊಸದು ಹಳೆಯದನ್ನು ದೇಶದಿಂದಲೇ ಒತ್ತರಿಸಿತು. ಕಣ್ಣಿಗೆ ಕಾಣದ ಎರಡು ಜೀವಗಳ ಅಷ್ಟು ದೊಡ್ಡ ಪೈಪೋಟಿ ಒಂದು ನೋಟ್‌ಬುಕ್ಕಿನಲ್ಲಿ, ನೀಲಿ ಶಾಯಿಯಲ್ಲಿ, ಊರೂರಾಗಿ ಕಂಡದ್ದನ್ನು ನೆನೆದು ಉಮಾಶ್ರೀ ಈಗಲೂ ಬೆರಗಾಗುತ್ತಾಳೆ.

ನದಾಫರು ನೂರು ವರ್ಷ ಬಾಳಲಿ, ಆ ನೋಟ್‌ಬುಕ್ ಹಿಡಿಯುವುದನ್ನು ಕಿರಿಯರಿಗೆ ಕಲಿಸುತ್ತಿರಲಿ ಎಂದು ಹಾರೈಸಲು ಅವಳು ಬೀಳ್ಕೊಡುಗೆಗೆ ತಾಯಿಯನ್ನೂ ಕರೆತಂದಿದ್ದಳು. ಕೆಂಚವ್ವ ನಾಲ್ಕು ವರ್ಷದ ಮೊಮ್ಮಗನ ಕೈ ಹಿಡಿದು ಎದುರು ನಿಂತಾಗ ನದಾಫರ ಬಾಯಿಂದ ರೂಢಿಯ ಪ್ರಶ್ನೆಯೇ ಬಂತು: "ಅವ್ವಾರ, ಹಿಂದಿನ ಹತ್ತ ರಾತ್ರಿ ಎಲ್ಲಿದ್ರಿ?"

"ಮನ್ಯಾಗ ಇದ್ದೆನ್ರಿ, ಸಾಹೇಬ್ರ," ಎಂದಳು ಆಕೆ, "ಇವನ ಮಗ್ಗಲಕ."