ಯಾವ ಊರ್ರಿ ನಿಮ್ಮದು?

ಭಾಲ್ಕಿಯಲ್ಲಿ ನಾನು ಊಟಕ್ಕೆ ಹೋಗುತ್ತಿದ್ದ ಖಾನಾವಳಿಯ ಅಕ್ಕ ಫೋನಿನಲ್ಲಿ ಹಲೋ ಅಂದದ್ದೇ ಇಲ್ಲ. ಕೈಯೆಲ್ಲ ಜೋಳದ ಹಿಟ್ಟಾಗಿರುವುದರಿಂದ ಫೋನು ಸದಾ ಸ್ಪೀಕರಿನಲ್ಲಿ. ರೊಟ್ಟಿ ಬಡಿಯುತ್ತಲೇ ಮೊದಲ ಮಾತು: "ಯಾವ ಊರ್ರಿ ನಿಮ್ಮದು?" ಊರು ಗೊತ್ತಾದರೆ ಎಷ್ಟು ಖಾರ ಹಾಕಬೇಕೆಂದು ಅವರಿಗೆ ಗೊತ್ತಾಗುತ್ತಿತ್ತು.

ಮೊಬೈಲ್ ಮ್ಯಾಪಿನಲ್ಲಿ ಖಾನಾವಳಿಯ ಹೆಸರು, ನಂಬರು ಹಾಕಿಕೊಟ್ಟವನು ನಾನು. ಅದನ್ನು ನೋಡಿ ಪರ ಊರಿನವರು ಬರತೊಡಗಿದ್ದರು.

ಒಂದು ಮಧ್ಯಾಹ್ನ ಯಾವನೋ ಫೋನ್ ಮಾಡಿ, ತಾನು ಮ್ಯಾಪ್ ಕಂಪನಿಯವನು, ಈಗ ಬಂದಿರುವ ಓಟಿಪಿ ಹೇಳದಿದ್ದರೆ ಖಾನಾವಳಿ ಮುಚ್ಚಿದೆಯೆಂದು ಮ್ಯಾಪಿನಲ್ಲಿ ತೋರಿಸುತ್ತದೆ ಎಂದ. ನನ್ನ ತುತ್ತು ಕೈಯಲ್ಲೇ ಉಳಿಯಿತು. ಎದುರಿನ ಟೈಲರ್ ಹೀಗೇ ಓಟಿಪಿ ಹೇಳಿದ್ದಕ್ಕೆ, ಮ್ಯಾಪಿನಲ್ಲಿ ಅವನ ಅಂಗಡಿಯ ಹೆಸರಿನ ಕೆಳಗೆ ಅವನ ನಂಬರಿನ ಬದಲು ಯಾವುದೋ ಡೈರೆಕ್ಟರಿ ಕಂಪನಿಯ ನಂಬರು ಬಂದು ಕೂತಿತ್ತು.

"ಯಾವ ಊರ್ರಿ ನಿಮ್ಮದು?" ಎಂದರು ಅಕ್ಕ.

ಅವನು ತಡವರಿಸಿದ. "ಬೀದರ್."

"ಹತ್ರಾನೇ ಆತಲ್ರಿ. ಊಟಕ್ಕ ಬರ್ರಿ, ಕೂತು ಮಾತಾಡೋಣು."

"ಖಾನಾವಳಿ ಎಲ್ಲಿದೆ ಮೇಡಂ?"

ಅಕ್ಕನ ಕೈ ನಿಂತಿತು. "ಮ್ಯಾಪ್ ಕಂಪನಿಯಾಂವ ಅಂತೀರಿ, ಖಾನಾವಳಿ ಎಲ್ಲಿ ಅದ ಅಂತ ನನಗೇ ಕೇಳ್ತೀರೇನ್ರಿ?"

ಫೋನ್ ಕಟ್ಟಾಯಿತು.

ನಾನು ಎಡಗೈಯಲ್ಲೇ ಮ್ಯಾಪ್ ತೆರೆದೆ. ಹೆಸರು, ನಂಬರು ಎರಡೂ ಇದ್ದಲ್ಲೇ ಇದ್ದವು. "ಏನೂ ಆಗಿಲ್ರಿ ಅಕ್ಕಾ" ಎನ್ನುವಷ್ಟರಲ್ಲಿ ಮತ್ತೆ ಫೋನು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ಯಾವ ಊರ್ರಿ ನಿಮ್ಮದು?"

"ಔರಾದ್ ರೀ ಅಕ್ಕಾ. ಮ್ಯಾಪ್ ಹಚ್ಚಿಕೊಂಡು ನಿಮ್ಮ ಕಡಿಗೇ ಹೊಂಟೇವಿ. ರೊಟ್ಟಿ ಸಿಗ್ತಾವೇನ್ರಿ?"

ಅಕ್ಕ ಇನ್ನೊಂದು ಮುದ್ದೆ ಹಿಟ್ಟು ಮುಂದಕ್ಕೆಳೆದುಕೊಂಡರು.

"ಬರ್ರಿ, ಖಾರ ಜರಾ ಹೆಚ್ಚೇ ಹಾಕ್ತೇನಿ."