ನಕ್ಷೆಯಲ್ಲಿಲ್ಲದ ದೇಶದ ಓಮಾ

ಪರ್ತ್‌ನ ಬೇಸಿಗೆಯಲ್ಲಿ, ಕಾಗೆಗಳು ಕೂಡ ಕೊಕ್ಕು ತೆರೆದು ನೆರಳಲ್ಲಿ ಕೂರುವ ಮಧ್ಯಾಹ್ನಗಳಲ್ಲಿ, ಓಮಾ ಮೊಣಕೈ ದಾಟುವ ಬಿಳಿ ಕೈಗವಸು ತೊಟ್ಟು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಕತ್ತಿಗೆ ಸ್ಕಾರ್ಫು, ತಲೆಗೆ ಮೊರದಗಲದ ಟೋಪಿ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿದ್ದರೂ ಒಂದಂಗುಲ ಚರ್ಮವನ್ನು ಬಿಸಿಲಿಗೆ ಬಿಟ್ಟುಕೊಡುತ್ತಿರಲಿಲ್ಲ. ಇಲ್ಲಿ ಚರ್ಮದ ಕ್ಯಾನ್ಸರಿನ ಭಯ ಎಲ್ಲರಿಗೂ ಇದೆ. ಅದಕ್ಕೇ ಇರಬೇಕು ಅಂದುಕೊಂಡಿದ್ದೆ.

ಓಮಾ ಎಂದರೆ ಡಚ್ ಭಾಷೆಯಲ್ಲಿ ಅಜ್ಜಿ. ಥಾರ್ನ್ಲಿ ಬಡಾವಣೆಯ ನಮ್ಮ ರಸ್ತೆಯವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು. ನಮ್ಮದು ಪಕ್ಕದ ಮನೆ. ನನ್ನ ಗಂಡ ಉತ್ತರದ ಗಣಿಯೊಂದಕ್ಕೆ ವಿಮಾನದಲ್ಲಿ ಹೋಗಿ ಎರಡು ವಾರಕ್ಕೊಮ್ಮೆ ಮನೆ ಸೇರುವ ಎಂಜಿನಿಯರು. ನನಗಿನ್ನೂ ಕೆಲಸ ಸಿಕ್ಕಿರಲಿಲ್ಲ. ಮಾತಿಗೆ ಜನವಿಲ್ಲದೆ ಒಣಗಿದ್ದೆ. ಒಂದು ದಿನ ಕಡಲೆಕಾಯಿ ಹುರಿದು, ಹುಣಿಸೆಹಣ್ಣು, ಬೆಲ್ಲ, ಒಣಮೆಣಸಿನಕಾಯಿ ಹಾಕಿ ಚಟ್ನಿ ರುಬ್ಬುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಓಮಾ ಕೈಯಲ್ಲಿ ಖಾಲಿ ಬಟ್ಟಲು ಹಿಡಿದು ನಿಂತಿದ್ದರು. "ವಾಸನೆ ಬಂತು. ಸ್ವಲ್ಪ ಕೊಡ್ತೀಯಾ?" ಎಂದು ನೇರವಾಗಿ ಕೇಳಿದರು. ಅವರು ಆಡುತ್ತಿದ್ದುದು ಇಂಗ್ಲಿಷು. ನೆನಪಿನಲ್ಲಿ ಉಳಿದಿರುವುದು ಮಾತ್ರ ಕನ್ನಡವಾಗಿ. ಅಲ್ಲೇ ನಿಂತು ಬೆರಳಲ್ಲಿ ನೆಕ್ಕಿ ನೋಡಿ, ಕಣ್ಣು ಮುಚ್ಚಿ, "ನಮ್ಮಲ್ಲೂ ಇದನ್ನೇ ಮಾಡ್ತಿದ್ವಿ" ಅಂದರು.

"ಹಾಲೆಂಡಿನಲ್ಲಾ?" ಎಂದು ಕೇಳಿದೆ.

"ಹಾಲೆಂಡಿನಲ್ಲಿ ಏನಿದೆ, ಆಲೂಗಡ್ಡೆ! ನಾನು ಹುಟ್ಟಿದ್ದು ಜಾವಾದಲ್ಲಿ. ಡಚ್ ಇಂಡೀಸ್. ಈಗ ನಕ್ಷೆಯಲ್ಲಿ ಹುಡುಕಬೇಡ, ಸಿಗಲ್ಲ."

ಹೈಸ್ಕೂಲಿನ ಪಾಠದಲ್ಲಿ ಪೋರ್ಚುಗೀಸರು, ಡಚ್ಚರು, ಫ್ರೆಂಚರು, ಇಂಗ್ಲಿಷರು ಎಂದು ಸಾಲಾಗಿ ಹಡಗಿಳಿದು ಬಂದವರಲ್ಲಿ ಡಚ್ಚರು ನನಗೆ ಎರಡು ಅಂಕದ ಪ್ರಶ್ನೆಯಾಗಿದ್ದರು, ಅಷ್ಟೇ. ಅವರ ಸಾಮ್ರಾಜ್ಯವನ್ನು ನನಗೆ ಹೇಳಿದ್ದು ಓಮಾ. ಲವಂಗ, ಜಾಕಾಯಿ ಹುಡುಕಿಕೊಂಡು ಬಂದ ವ್ಯಾಪಾರಿಗಳು ದ್ವೀಪದ ಮೇಲೆ ದ್ವೀಪ ಹಿಡಿದದ್ದು, ಕಾಫಿ, ಕಬ್ಬು ಬೆಳೆಸಿದ್ದು, ಅವರ ತಂದೆ ಸಕ್ಕರೆ ಕಾರ್ಖಾನೆಯ ಮ್ಯಾನೇಜರ್ ಆಗಿದ್ದದ್ದು, ಮಹಾಯುದ್ಧದಲ್ಲಿ ಜಪಾನೀಯರು ಬಂದು ಬಿಳಿಯರನ್ನೆಲ್ಲ ಶಿಬಿರಕ್ಕೆ ತಳ್ಳಿದ್ದು, ಆಮೇಲೆ ಡಚ್ ಬಾವುಟ ಇಳಿದು ಇಂಡೋನೇಷ್ಯಾ ಸ್ವತಂತ್ರವಾದದ್ದು. ಸಂಜೆ ನಾಲ್ಕಕ್ಕೆ ಚಹಾ ಸೋಸುತ್ತ ಇದನ್ನೆಲ್ಲ ನೆರೆಮನೆಯ ಮದುವೆ ಮುರಿದ ಕಥೆಯ ಹಾಗೆ ಹೇಳುತ್ತಿದ್ದರು. ಅವರ ಗೋಡೆಯ ಮೇಲೆ ಹಳೆಯ ಡಚ್ ರಾಣಿಯ ಪಟವಿತ್ತು. ಪ್ರತಿ ಕಥೆಯ ಕೊನೆಗೂ ಒಂದೇ ಮಾತು: "ಆಗ ಎಲ್ಲದಕ್ಕೂ ಒಂದೊಂದು ಜಾಗ ಇತ್ತು."

ಅದು ನನಗೆ ಹಿಡಿಸುತ್ತಿರಲಿಲ್ಲ. ನಮ್ಮ ತಾತ ಸ್ವಾತಂತ್ರ್ಯ ಚಳವಳಿಯಲ್ಲಿ ಚಳ್ಳಕೆರೆ ಕಡೆ ಈಚಲುಮರ ಕಡಿದು ಜೈಲಿಗೆ ಹೋದವರು. ಒಂದು ಸಂಜೆ ತಡೆಯಲಾಗದೆ ಕೇಳಿಯೇಬಿಟ್ಟೆ.

"ಓಮಾ, ಆ ಕಬ್ಬು ಯಾರ ಹೊಲದ್ದು?"

"ನಮ್ಮಪ್ಪನ ಕಾರ್ಖಾನೇದು."

"ಕಾರ್ಖಾನೆ ಅಪ್ಪನದು, ಸರಿ. ಹೊಲ?"

ಚಹಾದ ಬಟ್ಟಲನ್ನು ಸಾಸರಿನ ಮೇಲೆ ಇಟ್ಟರು. ಆಮೇಲೆ, "ಹೊಲ ನಮ್ಮಮ್ಮನ ಊರಿನವರದು," ಅಂದರು.

ಹಾಗೆ ನನಗೆ ಗೊತ್ತಾಯಿತು, ಅವರ ತಾಯಿ ಜಾವಾದವಳೆಂದು. ತಂದೆಯ ಮನೆ ನಡೆಸಿದಳು, ಇಬ್ಬರು ಮಕ್ಕಳನ್ನು ಹೆತ್ತಳು, ಮದುವೆ ಮಾತ್ರ ಆಗಲಿಲ್ಲ. ಬಾವುಟ ಬದಲಾದ ಮೇಲೆ ಅಪ್ಪ ಮಕ್ಕಳನ್ನು ಹಡಗು ಹತ್ತಿಸಿಕೊಂಡು, ಆ ಮಕ್ಕಳು ಎಂದೂ ಕಾಣದ 'ಸ್ವದೇಶ' ಹಾಲೆಂಡಿಗೆ ಹೊರಟರು. ಅಮ್ಮ ಬಂದರಿನಲ್ಲೇ ಉಳಿದಳು. ಅದನ್ನು ಹೇಳಿದ ಮೇಲೂ ಓಮಾ ತಲೆಯೆತ್ತಿ ರಾಣಿಯ ಪಟ ನೋಡಿದರು. ಅವರ ಕಣ್ಣಲ್ಲಿ ಪ್ರೀತಿಯೇ ಇತ್ತು. ಇವರ ಮೇಲೆ ಸಿಟ್ಟು ಮಾಡಬೇಕೋ, ಇವರ ಪರವಾಗಿ ಸಿಟ್ಟು ಮಾಡಬೇಕೋ ನನಗೆ ತಿಳಿಯಲಿಲ್ಲ.

ರಜೆಯಲ್ಲಿ ಮನೆಗೆ ಬಂದ ಗಂಡನಿಗೆ ಹೇಳಿದೆ. "ತಲೆ ಕೆಡಿಸ್ಕೋಬೇಡ ಕಣೆ," ಅಂದರು. "ನಿಮ್ಮ ತಾತ ಜೈಲಿಗೆ ಹೋಗಿ ಬಂದು ನಿಂಗೆ ಏನಂತ ಹೇಳಿದ್ರು? ಇಂಗ್ಲಿಷ್ ಚೆನ್ನಾಗಿ ಕಲಿ ಅಂತ ತಾನೇ?" ಅದೂ ನಿಜವೇ.

ನಮಗೆ ಪೌರತ್ವ ಸಿಕ್ಕಿದ್ದು ಒಂದು ಜನವರಿ ಇಪ್ಪತ್ತಾರರಂದು. ಭಾರತದಲ್ಲಿ ಗಣರಾಜ್ಯೋತ್ಸವ, ಇಲ್ಲಿ ಆಸ್ಟ್ರೇಲಿಯಾ ದಿನ. ಇಂಗ್ಲೆಂಡಿನ ಹಡಗುಗಳು ಬಂದಿಳಿದ ದಿನವೆಂದು ಇಲ್ಲಿಯ ಮೂಲನಿವಾಸಿಗಳು ಅದನ್ನು ದುಃಖದ ದಿನವಾಗಿ ಆಚರಿಸುತ್ತಾರೆ. ಸಮಾರಂಭದಲ್ಲಿ ಮೂಲನಿವಾಸಿ ನೂಂಗಾರ್ ಜನರ ಹಿರಿಯರೊಬ್ಬರು ತಮ್ಮ ಭಾಷೆಯಲ್ಲಿ ನಮ್ಮನ್ನು ತಮ್ಮ ನೆಲಕ್ಕೆ ಬರಮಾಡಿಕೊಂಡರು. ಅವರ ಹಿಂದಿನ ಗೋಡೆಯಲ್ಲಿ ಇಂಗ್ಲೆಂಡಿನ ರಾಜನ ಪಟ; ಈ ದೇಶಕ್ಕೆ ಇಂದಿಗೂ ಅವನೇ ರಾಜ. "ತಾತ ಓಡಿಸಿದೋರ ಮುಂದೆ ನಾವೇ ಬಂದು ನಿಂತ್ಬಿಟ್ವಲ್ಲೇ," ಎಂದು ಗಂಡ ಕಿವಿಯಲ್ಲಿ ಪಿಸುಗುಟ್ಟಿದರು. ನಗಬೇಕೆನಿಸಿತು, ನಗು ಬರಲಿಲ್ಲ. ಹಿಂದಿನ ಸಾಲಿನಲ್ಲಿ ನಮ್ಮ ಅತಿಥಿಯಾಗಿ ಓಮಾ ಕುಳಿತಿದ್ದರು. ಮೇಯರ್ ನನ್ನ ಕೈ ಕುಲುಕಿದಾಗ ಅವರು ಬಿಕ್ಕುತ್ತಿದ್ದುದು ವೇದಿಕೆಗೇ ಕಾಣುತ್ತಿತ್ತು. ಸಂತೋಷಕ್ಕೆ ಅಂದುಕೊಂಡೆ.

ಕಾರಿನಲ್ಲಿ ಓಮಾ ನನ್ನ ಕಡೆ ತಿರುಗಿ, "ನಿನ್ನ ಮುಖ ಯಾರೂ ನೋಡಲಿಲ್ಲ ಅಲ್ವಾ?" ಎಂದು ಕೇಳಿದರು.

"ನೋಡಿದ್ರಲ್ಲ ಓಮಾ, ಫೋಟೋನೂ ತೆಗೆದ್ರು."

"ಹಾಗಲ್ಲ. ಬಣ್ಣ."

ಆಗ ಹೇಳಿದರು. ಹಾಲೆಂಡಿನ ಚಳಿಯಲ್ಲಿ ಯಾರಿಗೂ ಬೇಡವಾಗಿ ಕೆಲವು ವರ್ಷ ಕಳೆದ ಮೇಲೆ ಅಕ್ಕ, ತಮ್ಮ ಇಬ್ಬರೂ ಆಸ್ಟ್ರೇಲಿಯಾಕ್ಕೆ ಬರಲು ಅರ್ಜಿ ಹಾಕಿದರು. ಬಿಳಿಯರಿಗಷ್ಟೇ ಬಾಗಿಲು ತೆರೆಯುತ್ತಿದ್ದ ಕಾಲ. ಸಂದರ್ಶನದ ಅಧಿಕಾರಿ ಪ್ರಶ್ನೆ ಕೇಳಿದ್ದು ಕಡಿಮೆ, ನೋಡಿದ್ದು ಹೆಚ್ಚು. "ನನಗೆ ಅಪ್ಪನ ಬಣ್ಣ ಬಂದಿತ್ತು, ಅವನಿಗೆ ಅಮ್ಮನದು. ನನ್ನ ತೋಳು ನೋಡಿ ನಕ್ಕ. ತಮ್ಮನ ಮುಖ ನೋಡಿ, ತಿಳಿಸ್ತೀವಿ ಅಂದ. ಅವನಿಗೆ ಕೊನೆಗೂ ತಿಳಿಸಲಿಲ್ಲ."

"ನೀವು ಬಂದುಬಿಟ್ರಾ?"

"ಹೋಗು ಅಂತ ಅವನೇ ಅಂದ. ಒಬ್ಬರಾದರೂ ಬಿಸಿಲಿರೋ ಕಡೆ ಇರೋಣ ಅಂದ." ಓಮಾ ಕೈಗವಸಿನ ತುದಿಯನ್ನು ಮೇಲಕ್ಕೆಳೆದುಕೊಂಡರು. "ಬಂದಮೇಲೆ ನಾನು ಬಿಸಿಲಿಗೇ ಹೋಗಲಿಲ್ಲ. ಕಪ್ಪಾದ್ರೆ ವಾಪಸ್ ಕಳಿಸ್ತಾರೆ ಅಂತ."

ಓಮಾರ ತಮ್ಮ ಹಾಲೆಂಡಿನಲ್ಲೇ ಒಂಟಿಯಾಗಿ ತೀರಿಕೊಂಡ. ಆ ಕಾನೂನು ಹೋಗಿ ಎಷ್ಟೋ ಕಾಲವಾಗಿತ್ತು. ಅದು ಓಮಾಗೂ ಗೊತ್ತಿತ್ತು. ಆದರೂ ಮಾರನೆಯ ದಿನ ಅದೇ ಟೋಪಿ, ಅದೇ ಸ್ಕಾರ್ಫು.

ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಅಡಿಲೇಡಿನಲ್ಲಿರುವ ಒಬ್ಬನೇ ಮಗ ಬಂದು, ಕ್ಯಾನಿಂಗ್ ವೇಲ್‌ನ ವೃದ್ಧಾಶ್ರಮಕ್ಕೆ ಸೇರಿಸಿ ಹೋದರು. ಅಲ್ಲಿ ಓಮಾ ಮೊದಲು ಇಂಗ್ಲಿಷ್ ಮರೆತರು, ಆಮೇಲೆ ಡಚ್ಚನ್ನೂ ಮರೆತರು. ಉಳಿದದ್ದು ತಾಯಿಯ ಕಡೆಯ ಮಾತು. ನಾನು ವಾರಕ್ಕೊಮ್ಮೆ ಕಡಲೆಕಾಯಿ ಚಟ್ನಿ ಒಯ್ದು ಪಕ್ಕ ಕೂರುತ್ತಿದ್ದೆ. 'ನಾಮ', 'ಮುಕ', 'ರೊಟ್ಟಿ' ಎಂದು ನಮ್ಮವೇ ಪದಗಳು ತೇಲಿಬಂದಂತೆ ಕೇಳಿಸಿ ಬೆಚ್ಚುತ್ತಿದ್ದೆ. ವಾಕ್ಯ ಮಾತ್ರ ತಿಳಿಯುತ್ತಿರಲಿಲ್ಲ. ನನ್ನನ್ನು ಅವರು 'ಬಾಬು' ಎಂದು ಕರೆಯತೊಡಗಿದರು. ನಮ್ಮಲ್ಲಿ ಮುದ್ದಿನ ಮಕ್ಕಳಿಗೆ ಇಡುವ ಹೆಸರಲ್ಲವೇ? ಖುಷಿಪಟ್ಟೆ.

ಅಲ್ಲಿ ಆರೈಕೆ ಮಾಡುತ್ತಿದ್ದವರಲ್ಲಿ ಇಂಡೋನೇಷ್ಯಾದ ಹೆಣ್ಣುಮಗಳೊಬ್ಬಳು ಹೊಸದಾಗಿ ಸೇರಿದ್ದಳು. ಬಾಬು ಎಂದರೇನೆಂದು ಅವಳನ್ನು ಕೇಳಿದೆ. ಅವಳು ದಿಂಬು ಸರಿಮಾಡುವುದನ್ನು ಅರ್ಧಕ್ಕೇ ಬಿಟ್ಟಳು.

"ಬೇಜಾರು ಮಾಡ್ಕೋಬೇಡಿ. ಡಚ್ಚರ ಕಾಲದ ಮಾತು. ಮನೆಗೆಲಸದವಳು ಅಂತ."

ಇಷ್ಟು ವರ್ಷದ ಚಹಾ, ಚಟ್ನಿ, ಕಥೆ ಎಲ್ಲವೂ ಆಗಿ, ಕೊನೆಗೆ ನನಗೆ ಸಿಕ್ಕ ಜಾಗ ಇದೇ ಏನು? ಬ್ಯಾಗು ಎತ್ತಿಕೊಂಡು ಎದ್ದೆ. ಓಮಾ ಗಬಕ್ಕನೆ ನನ್ನ ಮುಂಗೈ ಹಿಡಿದುಕೊಂಡರು. ಅವರ ಕೈ ಬರಿದಾಗಿತ್ತು, ಕಾಗದದಷ್ಟು ತೆಳ್ಳಗಿತ್ತು. "ಜಂಗನ್ ಪೆರ್ಗಿ," ಅಂದರು. ಮತ್ತೆ ಮತ್ತೆ ಅದನ್ನೇ.

"ಹೋಗಬೇಡ ಅಂತಿದಾರೆ," ಎಂದಳು ಆ ಹುಡುಗಿ. ಆಮೇಲೆ, "ಸಾಕಿದ ಆಯಾನೂ ಬಾಬು ಅಂತಲೇ ಕರೀತಿದ್ರಂತೆ," ಎಂದು ಸೇರಿಸಿದಳು. ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದಳೋ ಗೊತ್ತಿಲ್ಲ. ನಾನು ಮತ್ತೆ ಕುಳಿತೆ. ಓಮಾಗೆ ನಿದ್ದೆ ಹತ್ತುವವರೆಗೂ ಕೈ ಬಿಡಿಸಿಕೊಳ್ಳಲಿಲ್ಲ.

ಮುಂದಿನ ವಾರ ಹೋಗುವಷ್ಟರಲ್ಲಿ ಓಮಾ ಇರಲಿಲ್ಲ.

ಅಂತ್ಯಕ್ರಿಯೆ ಮುಗಿಸಿ ಅಡಿಲೇಡಿಗೆ ಮರಳಿದ ಮಗ ಒಂದು ಸಂಜೆ ಫೋನ್ ಮಾಡಿದರು. ಅರವತ್ತು ದಾಟಿದ ಮನುಷ್ಯ; ಇಂಗ್ಲಿಷ್ ಬಿಟ್ಟರೆ ಬೇರೆ ಮಾತು ಬಾರದು. ಮನೆಯಲ್ಲಿ ತನ್ನ ತಾಯಿಯ ಭಾಷೆಯ ಒಂದು ಪದವನ್ನೂ ಅಮ್ಮ ಆಡಲು ಬಿಡಲಿಲ್ಲವೆಂದರು.

"ಕೊನೆಗೆ ಏನಾದರೂ ಹೇಳಿದಳಾ?"

ಹೇಳಿದೆ. ಅರ್ಥವನ್ನೂ ಹೇಳಿದೆ.

"ಯಾರಿಗೆ ಹೇಳಿದ್ದು ಅದು?"

ಬಂದರಿನಲ್ಲಿ ಉಳಿದ ಅಮ್ಮನಿಗೋ, ತಮ್ಮನಿಗೋ, ಕೆಲಸದವಳಿಗೋ, ನನಗೋ? "ಗೊತ್ತಿಲ್ಲ," ಅಂದೆ. "ಹಿಡಿದುಕೊಂಡಿದ್ದು ನನ್ನ ಕೈ."

"ಇನ್ನೊಮ್ಮೆ ಹೇಳ್ತೀರಾ? ನಿಧಾನವಾಗಿ?"

ಚಳ್ಳಕೆರೆಯ ನಾಲಿಗೆಯಲ್ಲಿ ಆದಷ್ಟು ಓಮಾರ ಹಾಗೆಯೇ ಹೇಳಿದೆ. ಅವರು ತಪ್ಪಾಗಿ ಹೇಳಿದರು. ತಿದ್ದಿದೆ. ತಾಯಿಯ ಮಾತನ್ನು ಅವರು ನನ್ನ ಹಿಂದೆಯೇ, ಶಾಲೆಗೆ ಸೇರಿದ ಮೊದಲ ದಿನದ ಮಗುವಿನಂತೆ, ಮತ್ತೊಮ್ಮೆ ಹೇಳಿದರು.