ಟಿಟ್ಟಿಭಕ್ಕೆ ಬಿಟ್ಟ ಜಾಗ

ಬೆಟಗೇರಿಯ ನೇಕಾರ ಪಾಂಡಪ್ಪನಿಗೆ ಹಕ್ಕಿಗಳ ಹುಚ್ಚು. ಮಗ್ಗದ ಪಕ್ಕದ ಕಿಟಕಿಯಿಂದ ಓಣಿಯ ಹಿಂದಿನ ಕಲ್ಲುಬಯಲನ್ನು ನೋಡುತ್ತ, "ಹಕ್ಕಿ ನೋಡಾಕ ಕಪ್ಪತಗುಡ್ಡಕ್ಕ ಯಾಕ ಹೋಗ್ಬೇಕೋ, ಇಲ್ಲೇ ಬಾಗಿಲಿಗೇ ಬರ್ತಾವ" ಎನ್ನುತ್ತಿದ್ದ.

ಆ ಬಯಲಿನಲ್ಲೇ ಅವನೂ ಗೆಳೆಯ ತುಕಾರಾಮನೂ ಗಂಜಿ ಹಚ್ಚಿದ ನೂಲಿನ ಹಾಸನ್ನು ಉದ್ದಕ್ಕೆ ಎಳೆದು ಕಟ್ಟಿ ಒಣಗಿಸುತ್ತಿದ್ದರು. ಹೋದ ಬೇಸಿಗೆಯಲ್ಲಿ ಒಂದು ಮುಂಜಾನೆ, ಗೂಟ ಬಡಿಯಲು ತುಕಾರಾಮ ಸುತ್ತಿಗೆ ಎತ್ತಿದ್ದೇ ತಡ, ಟಿಟ್ಟಿಭ ಹಕ್ಕಿಯೊಂದು ಚೀರುತ್ತ ಅವನ ತಲೆಯ ಮೇಲೇ ಎರಗಿತು. ಗೂಟದ ಪಕ್ಕದಲ್ಲಿ ಅವನು ಹರಳುಕಲ್ಲು ಎಂದುಕೊಂಡಿದ್ದು ಅದರ ಮೊಟ್ಟೆಗಳು.

"ಹಾಸು ಓರೆ ಹಿಡಿಯೂಣು," ಎಂದ ಪಾಂಡಪ್ಪ.

"ಹಾಸು ಎಳಿಯೂದ್ರಾಗ ಗಂಜಿ ಒಣಗಿ ಹೋಗ್ತೈತಿ ಲೇ! ನಿನ್ನ ಹಕ್ಕಿ ಬಂದು ಸೀರಿ ನೇಯ್ತೈತೇನು?"

"ಅದು ಮರಿ ಮಾಡ್ಲಿ, ಸೀರಿ ನಾವು ನೇಯೂಣು."

ಪಾಂಡಪ್ಪ ಗೂಟ ಕಿತ್ತು ಆಚೆ ಬಡಿದೇಬಿಟ್ಟ. ಮರಿಗಳು ಎದ್ದು ಓಡಾಡುವವರೆಗೂ ಓಣಿಯವರು ನಕ್ಕರು, ಹಾಸು ಮಾತ್ರ ಓರೆಯಾಗಿಯೇ ಇತ್ತು.

ಮಳೆಗಾಲ ಮುಗಿಯುವಷ್ಟರಲ್ಲಿ ಪಾಂಡಪ್ಪ ಎದೆನೋವಿನಿಂದ ತೀರಿಕೊಂಡ. ಈ ಬೇಸಿಗೆಯ ಮೊದಲ ಹಾಸು ಎಳೆಯುವಾಗ ಇನ್ನೊಂದು ತುದಿ ಹಿಡಿದವಳು ಅವನ ಹೆಂಡತಿ ಅಂಬವ್ವ. ತುಕಾರಾಮನಿಗೆ ಆ ಕಿಟಕಿಯ ಕಡೆ ನೋಡಲಾಗಲಿಲ್ಲ. ತಲೆ ತಗ್ಗಿಸಿ, ಗೂಟವನ್ನು ಹೋದ ಬೇಸಿಗೆಯಂತೆ ಓರೆಗೇ ಇಟ್ಟ.

"ಈ ಸಲ ಹಕ್ಕಿ ಬಂದೇ ಇಲ್ಲಲ್ರೀ ಅಣ್ಣಾ. ನೆಟ್ಟಗ ಹಿಡೀರಿ," ಎಂದಳು ಅಂಬವ್ವ.

"ನಾಳೆ ಬಂದ್ರ ಅದಕ್ಕ ಜಾಗ ಬೇಕಲ್ರೀ ವೈನಿ," ಎಂದು ತುಕಾರಾಮ ಗೂಟಕ್ಕೆ ಬಲವಾಗಿ ಇನ್ನೊಂದು ಏಟು ಹಾಕಿದ.